ಊಟ ತನ್ನಿಚ್ಛೆ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ಬಾಲ್ಯದಿಂದಲೂ ಕೇಳುತ್ತ ಬಂದವನು ನಾನು. ಮದುವೆಮನೆಗಳಲ್ಲಿ ಮೂರನೆಯ ಸಲ ಹೋಳಿಗೆ ಬಡಿಸಲು ಬಂದವರನ್ನು ಹಿಂದಿರುಗಿಸಲು ಅದನ್ನು ಬಳಸಿಯೂ ಇದ್ದೇನೆ. ಆದರೆ ಆ ಗಾದೆಯಲ್ಲಿರುವ ‘ತನ್ನ’ ಎಂಬ ಮಾತು ಎಷ್ಟು ವಯಸ್ಸಿನಿಂದ ಅನ್ವಯಿಸುತ್ತದೆ ಎಂಬ ಸಂದೇಹ ಎಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ನನಗೆ ಬಂದಿರಲಿಲ್ಲ. ಆ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ಎರಡು ವರ್ಷ ಎರಡು ತಿಂಗಳಿನ ನನ್ನ ಮೊಮ್ಮಗಳು. ಅವಳಿಗಿನ್ನೂ ಸರಿಯಾಗಿ ಮಾತು ಬಾರದು. ಪ್ರಶ್ನೆಯನ್ನು ಬಾಯಿ ಮುಚ್ಚಿಕೊಂಡೇ ಕೇಳಿದಳು.

ಬೆಂಗಳೂರಿನ ನಮ್ಮ ಮನೆಯಲ್ಲಿ ಮಗ ಸೊಸೆ ಇಬ್ಬರೂ ಬೆಳಿಗ್ಗೆ ಎಂಟೂವರೆಗೆಲ್ಲ ಕೆಲಸಕ್ಕೆ ಹೊರಟುಬಿಡುತ್ತಾರೆ. ನನ್ನ ಹೆಂಡತಿಗೆ ಮಂಡಿನೋವು. ಮಗುವಿನ ಹಿಂದೆ ಓಡಲಾರಳು. ಹೀಗಾಗಿ ಮಧ್ಯಾಹ್ನದ ಊಟ ಮಾಡಿಸುವ ಹೊಣೆ ನನ್ನ ಪಾಲಿಗೆ ಬಂತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಾದ್ದರಿಂದ ಈ ಕೆಲಸವನ್ನೂ ಲೆಕ್ಕದ ಕ್ರಮದಲ್ಲಿಯೇ ನಡೆಸಬಹುದೆಂದು ತಿಳಿದೆ. ಹೆಂಡತಿ ದಿನಕ್ಕೊಂದು ಬಗೆಯಲ್ಲಿ ಮಗುವಿಗೆಂದು ಅಡಿಗೆ ಮಾಡಿಡುವಳು: ಒಂದು ದಿನ ಬೇಳೆಕಟ್ಟು ತುಪ್ಪದ ಅನ್ನ, ಒಂದು ದಿನ ಕುಂಬಳಕಾಯಿ ಪಲ್ಯ, ಒಂದು ದಿನ ಮೆತ್ತಗಿನ ರಾಗಿಮುದ್ದೆಗೆ ಸೊಪ್ಪಿನ ಸಾರು. ನನ್ನ ಲೆಕ್ಕದಲ್ಲಿ ಇಪ್ಪತ್ತು ತುತ್ತಾದರೆ ಒಂದು ಊಟ. ಮಗುವಿನ ಲೆಕ್ಕವೇ ಬೇರೆಯಾಗಿತ್ತು. ವರ್ಷ ತುಂಬುವವರೆಗೆ ಕೊಟ್ಟದ್ದನ್ನೆಲ್ಲ ನಗುತ್ತ ತಿನ್ನುತ್ತಿದ್ದ ಕೂಸು ಈಗ ಮೊಸರನ್ನ, ಬಾಳೆಹಣ್ಣು, ಬಿಸ್ಕತ್ತು ಈ ಮೂರನ್ನು ಬಿಟ್ಟರೆ ಲೋಕದಲ್ಲಿ ಬೇರೆ ಆಹಾರವೇ ಇಲ್ಲವೆಂದು ತೀರ್ಮಾನಿಸಿಬಿಟ್ಟಿತ್ತು. ಹಸಿರು ಬಣ್ಣದ ಚೂರೊಂದು ಅನ್ನದಲ್ಲಿ ಕಂಡರೂ ಅದನ್ನು ಬೆರಳಿನಿಂದ ಹೆಕ್ಕಿ ತೆಗೆದು ನನ್ನ ಪಂಚೆಗೆ ಒರೆಸುವಳು.

ಇಂಥ ಸಂದರ್ಭದಲ್ಲಿ ಹಿರಿಯರು ಏನೇನು ಮಾಡುತ್ತಾರೋ ಅದನ್ನೆಲ್ಲ ನಾನೂ ಮಾಡಿದೆ. ಕಿಟಕಿಯ ಹೊರಗಿನ ಕಾಗೆಯನ್ನು ತೋರಿಸಿದೆ. ಕಾಗೆ ನೋಡಲು ಬಾಯಿ ತೆರೆದಾಗ ತುತ್ತನ್ನು ತುರುಕಿದೆ. ಕಾಗೆ ಹಳತಾದಾಗ ಗುಮ್ಮನನ್ನು ಕರೆದೆ. ಗುಮ್ಮನಿಗೂ ಹೆದರದಿದ್ದಾಗ ಮೊಬೈಲ್ ಫೋನಿನಲ್ಲಿ ಹಾಡುವ ಬೊಂಬೆಗಳನ್ನು ಹಾಕಿಕೊಟ್ಟೆ. ಕೊನೆಗೆ, “ಸೊಪ್ಪು ತಿಂದರೆ ಬಿಸ್ಕತ್ತು ಕೊಡುತ್ತೇನೆ” ಎಂಬ ಒಪ್ಪಂದಕ್ಕೂ ಇಳಿದೆ. ಒಂದೊಂದು ಉಪಾಯವೂ ನಾಲ್ಕು ದಿನ ನಡೆದು ಐದನೆಯ ದಿನ ಕೈಕೊಡುತ್ತಿತ್ತು.

ಆಷಾಢದ ಒಂದು ಮಧ್ಯಾಹ್ನ ನನ್ನ ತಾಳ್ಮೆ ತೀರಿತು. ಅಂದು ದಂಟಿನ ಸೊಪ್ಪಿನ ಹುಳಿ ಕಲಸಿದ ಅನ್ನ. ಮೂರು ತುತ್ತಾಗಿತ್ತು, ಇನ್ನು ಹದಿನೇಳು ಬಾಕಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಡಗೈಯಿಂದ ಅದರ ಎರಡೂ ಕೈಗಳನ್ನು ಅದುಮಿ ಹಿಡಿದು, ಬಲಗೈಯ ಎರಡು ಬೆರಳುಗಳಿಂದ ಕೆನ್ನೆ ಒತ್ತಿ ಬಾಯಿ ತೆರೆಸಿ ತುತ್ತನ್ನು ಒಳಕ್ಕೆ ನೂಕಿದೆ. ಹೀಗೆ ಐದಾರು ತುತ್ತು ಹೋಯಿತು. ಆಮೇಲೆ ಅಷ್ಟೂ, ಜೊತೆಗೆ ಬೆಳಗಿನ ಹಾಲೂ, ನನ್ನ ಅಂಗಿಯ ಮೇಲೆ ಬಂತು. ಮಗು ಅಳಲಿಲ್ಲ. ನನ್ನ ಮುಖವನ್ನೇ ನೋಡಿತು. ಹೊಸಬರು ಮನೆಗೆ ಬಂದಾಗ ನೋಡುತ್ತದಲ್ಲ, ಹಾಗೆ.

ಆ ದಿನದಿಂದ ಒಂದು ಹೊಸ ಅಭ್ಯಾಸ ಕಾಣಿಸಿಕೊಂಡಿತು. ನನ್ನ ಬಲಗೈ ಅವಳ ಮುಖದ ಹತ್ತಿರ ಹೋದರೆ ಸಾಕು, ತುಟಿಗಳು ಬಿಗಿದುಕೊಳ್ಳುತ್ತಿದ್ದವು. ಮೂಗು ಒರೆಸಲು ಹೋದರೂ ಹಾಗೆಯೇ. ತಲೆ ನೇವರಿಸಲು ಹೋದರೂ ಹಾಗೆಯೇ. ಸೊಸೆ ಇದನ್ನು ನೋಡಿದಳು. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ, ತೊಳೆದ ಪಾತ್ರೆಗಳನ್ನು ಜೋಡಿಸುತ್ತ ನನ್ನ ಕಡೆ ತಿರುಗದೆಯೇ, “ಮಾವ, ಅವಳು ಒಂದು ಹೊತ್ತು ಉಣ್ಣದಿದ್ದರೂ ಪರವಾಗಿಲ್ಲ. ನಿಮ್ಮನ್ನು ಕಂಡರೆ ಹೆದರುವುದು ಬೇಡ” ಎಂದಳು. ಅಷ್ಟೇ ಮಾತು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮಗುವಿಗೆ ಎರಡು ತುತ್ತು ಹೆಚ್ಚಾಗಿ ತಿನ್ನಿಸಿದ್ದರಲ್ಲಿ ನೀತಿಯ ಪ್ರಶ್ನೆ ಏನು ಬಂತು ಎಂದು ಓದುಗರು ನಗಬಹುದು. ನಾನೂ ಮೊದಲು ಹಾಗೆಯೇ ಸಮಾಧಾನ ಹೇಳಿಕೊಂಡೆ. ಮಾಡಿದ್ದು ಅದರ ಒಳ್ಳೆಯದಕ್ಕೆ ತಾನೆ? ಆದರೆ ಬೇರೊಬ್ಬರ ಒಳ್ಳೆಯದಕ್ಕಾಗಿ ಅವರ ಮೇಲೆ ಬಲ ಪ್ರಯೋಗಿಸಬಹುದೆ ಎಂಬುದು ಹಳೆಯ ಪ್ರಶ್ನೆ. 1859ರಲ್ಲಿ ಪ್ರಕಟವಾದ ‘ಆನ್ ಲಿಬರ್ಟಿ’ ಎಂಬ ಗ್ರಂಥದಲ್ಲಿ ಜಾನ್ ಸ್ಟುಅರ್ಟ್ ಮಿಲ್, ಒಬ್ಬನ ಸ್ವಂತ ಹಿತ ಎಂಬ ಕಾರಣವೊಂದೇ ಅವನನ್ನು ಬಲವಂತಪಡಿಸಲು ಸಾಲದು ಎಂದು ವಾದಿಸಿದ. ಆದರೆ ಈ ತತ್ತ್ವ ಮಕ್ಕಳಿಗೆ ಅನ್ವಯಿಸದೆಂದೂ ಕೂಡಲೇ ಸೇರಿಸಿದ. 1975ರಲ್ಲಿ ವಿಶ್ವ ವೈದ್ಯ ಸಂಘವು ಟೋಕಿಯೋ ನಗರದಲ್ಲಿ ಹೊರಡಿಸಿದ ಘೋಷಣೆಯ ಪ್ರಕಾರ, ವಿವೇಚನೆಯುಳ್ಳ ಸೆರೆಯಾಳು ಊಟ ಬೇಡವೆಂದರೆ ವೈದ್ಯರು ಅವನಿಗೆ ಕೃತಕವಾಗಿ ಆಹಾರ ಕೊಡಬಾರದು. ಸೆರೆಮನೆಯಲ್ಲಿರುವವನಿಗೆ ಇರುವ ಈ ಹಕ್ಕು ನನ್ನ ತೊಡೆಯ ಮೇಲಿನ ಮಗುವಿಗೆ ಇಲ್ಲವೆ? ಅದಕ್ಕೆ ವಿವೇಚನೆ ಬಂದಿಲ್ಲ, ನಿಜ. ಬೆಂಕಿಗೆ ಕೈಯಿಡಲು ಹೋದರೆ ನಾವು ತಡೆಯುತ್ತೇವೆ. ಮಗುವಿನ ಒಪ್ಪಿಗೆ ಕೇಳುವುದಿಲ್ಲ. ಹಾಗಾದರೆ ಊಟವೂ ಬೆಂಕಿಯ ಹಾಗೆಯೇ ನಾವು ತೀರ್ಮಾನಿಸಬೇಕಾದ ವಿಷಯವೆ?

ಇಲ್ಲಿ ಒಂದು ವ್ಯತ್ಯಾಸ ನನಗೆ ತೋರುತ್ತದೆ. ಬೆಂಕಿ ಸುಡುತ್ತದೆ ಎಂಬುದು ನನಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚಾಗಿದೆ ಎಂಬುದೂ ನನಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಆದರೆ ಅದರ ಹೊಟ್ಟೆ ತುಂಬಿದೆಯೆ ಇಲ್ಲವೆ ಎಂಬುದು ಮಗುವಿಗೆ ಗೊತ್ತು, ನನಗೆ ಗೊತ್ತಿಲ್ಲ. ಇಪ್ಪತ್ತು ತುತ್ತಿನ ಲೆಕ್ಕ ನನ್ನದು, ಹಸಿವು ಅದರದು. ಬೇರೆಯವರ ಹಸಿವನ್ನು ನನ್ನ ಲೆಕ್ಕದ ಪುಸ್ತಕದಲ್ಲಿ ಬರೆಯಲು ಹೊರಟದ್ದು ನನ್ನ ಮೊದಲ ತಪ್ಪು.

ಇದನ್ನು ನನಗೆ ಬಿಡಿಸಿ ಹೇಳಿದವರು ಮಕ್ಕಳ ವೈದ್ಯರು. ಮಗು ಸೊರಗುತ್ತಿದೆಯೆಂದು ನಾನೇ ಹಟಮಾಡಿ ಕರೆದುಕೊಂಡು ಹೋಗಿದ್ದೆ. ತೂಗಿ ನೋಡಿದರು: 10.6 ಕಿಲೋ. ಉದ್ದ ಅಳೆದರು. ಪಟ್ಟಿಯಲ್ಲಿ ಚುಕ್ಕಿಯಿಟ್ಟು ತೋರಿಸಿದರು. ಇರಬೇಕಾದ ಗೆರೆಗಳ ನಡುವೆಯೇ ಇತ್ತು. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗ ಇದ್ದುದರ ಸುಮಾರು ಮೂರರಷ್ಟಾಗುತ್ತದೆ. ಎರಡನೆಯ ವರ್ಷವೆಲ್ಲ ಸೇರಿ ಏರುವುದು ಎರಡು ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಒಂದು ದಿನ ಹಕ್ಕಿಯಂತೆ ಕುಟುಕಿ ಮರುದಿನ ದೊಡ್ಡವರಂತೆ ಉಣ್ಣುವುದೂ ಈ ವಯಸ್ಸಿನ ಸ್ವಭಾವವೇ. “ದಿನಕ್ಕೆ ಹಾಲು ಎಷ್ಟು ಕುಡಿಯುತ್ತದೆ?” ಎಂದು ಕೇಳಿದರು. ಮುಕ್ಕಾಲು ಲೀಟರು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. “ಅರ್ಧ ಲೀಟರಿಗೆ ಇಳಿಸಿ. ಹಾಲಿನಿಂದಲೇ ಹೊಟ್ಟೆ ತುಂಬಿದರೆ ಊಟಕ್ಕೆ ಜಾಗ ಎಲ್ಲಿ? ಹಾಲಿನಲ್ಲಿ ಕಬ್ಬಿಣವೂ ಇಲ್ಲ” ಎಂದರು. ಹೊರಡುವಾಗ ನಗುತ್ತ, “ಮಗು ಚೆನ್ನಾಗಿದೆ. ಔಷಧಿ ಬೇಕಾಗಿರುವುದು ತಾತನಿಗೆ” ಎಂದು ಸೇರಿಸಿದರು.

ತಾತನ ರೋಗ ಯಾವುದೆಂದು ಆಮೇಲೆ ಯೋಚಿಸಿದೆ. ನನ್ನ ಹತ್ತನೆಯ ವಯಸ್ಸು 1965ನೆಯ ಇಸವಿ. ಆ ವರ್ಷವೂ ಮರುವರ್ಷವೂ ದೇಶದಲ್ಲಿ ಮಳೆ ಕೈಕೊಟ್ಟಿತು. ಪ್ರಧಾನಿ ಲಾಲ್ ಬಹದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ನಮ್ಮ ಮನೆಯಲ್ಲಿ ಅದನ್ನು ಪ್ರತ್ಯೇಕವಾಗಿ ಆಚರಿಸಬೇಕಾಗಿರಲಿಲ್ಲ. ಎಲ್ಲರದೂ ಆದಮೇಲೆ ಅಮ್ಮ ಅಡಿಗೆಮನೆಯಲ್ಲಿ ಒಬ್ಬಳೇ ಕುಳಿತು ಪಾತ್ರೆಯ ತಳ ಕೆರೆಯುವ ಸದ್ದು ನಡುಮನೆಗೆ ಕೇಳಿಸುತ್ತಿತ್ತು. ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ಪಾಪ ಎಂಬ ಮಾತಿಗೆ ಆಗ ಒಂದು ಅರ್ಥವಿತ್ತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮೊಮ್ಮಗಳ ತಟ್ಟೆಯಲ್ಲಿ ಉಳಿದ ಅನ್ನವನ್ನು ಕಂಡಾಗ ನಾನು ನೋಡುತ್ತಿದ್ದುದು ಅವಳ ಹೊಟ್ಟೆಯನ್ನಲ್ಲ. ಅರವತ್ತು ವರ್ಷದ ಹಿಂದಿನ ನಮ್ಮ ಅಡಿಗೆಮನೆಯನ್ನು. ನನ್ನ ಹಳೆಯ ಹಸಿವನ್ನು ಅವಳ ಬಾಯಿಯ ಮೂಲಕ ಇಂಗಿಸಿಕೊಳ್ಳಲು ಹೊರಟಿದ್ದೆ. ನಮ್ಮ ತಲೆಮಾರಿನ ಎಷ್ಟೋ ಅಜ್ಜ ಅಜ್ಜಿಯರ ಬಲವಂತದ ಹಿಂದೆ ಇದೇ ಇದೆಯೆಂದು ನನಗೆ ಅನುಮಾನ. ಅದರಲ್ಲಿ ಪ್ರೀತಿ ಇಲ್ಲವೆಂದು ಹೇಳಲಾರೆ. ಆದರೆ ಆ ಭಯವನ್ನು ಎರಡು ವರ್ಷದ ಮಗು ಏಕೆ ಹೊರಬೇಕು?

ಅದೇ ಕಾಲದ ಇನ್ನೊಂದು ನೆನಪೂ ಇದೆ. ರೇಷನ್ ಅಂಗಡಿಗೆ ಅಮೆರಿಕದ ಗೋಧಿ ಬಂತು. ಅನ್ನ ಮತ್ತು ಮುದ್ದೆ ಉಂಡು ಬೆಳೆದ ನಮ್ಮ ಕಡೆಯ ಹಿರಿಯರಿಗೆ ಅದನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಚಪಾತಿ ರೋಗಿಗಳ ಆಹಾರವೆಂದು ನಮ್ಮಜ್ಜ ತಟ್ಟೆ ಸರಿಸಿ ಎದ್ದುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕ್ಯಾರೆಟ್ಟು, ಹೂಕೋಸು, ಟೊಮೇಟೊ ಇವೆಲ್ಲ ‘ಇಂಗ್ಲಿಷ್ ತರಕಾರಿ’ ಎಂದು ಎಷ್ಟೋ ಮನೆಗಳಲ್ಲಿ ಬಹುಕಾಲ ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ಶ್ರಾದ್ಧದ ಅಡಿಗೆಗೆ ಇಂದಿಗೂ ಹಲವರು ಬಳಸುವುದಿಲ್ಲ. ಅಜ್ಜನ ಬಾಯಿ ಹಿಡಿದು ಯಾರೂ ಚಪಾತಿ ತುರುಕಲಿಲ್ಲ. ವರ್ಷಗಳು ಕಳೆದ ಮೇಲೆ ಅವರೇ ಕೇಳಿ ಹಾಕಿಸಿಕೊಂಡರು. ಹೊಸ ಆಹಾರವನ್ನು ಕಂಡು ಹಿಂಜರಿಯುವುದು ಮಕ್ಕಳ ಹಟವೆಂದೇ ನಾವು ತಿಳಿಯುತ್ತೇವೆ. ನಡೆಯಲು ಕಲಿತ ಮಗು ಕಂಡ ಎಲೆಯನ್ನೆಲ್ಲ ಬಾಯಿಗೆ ಹಾಕಿಕೊಳ್ಳದಿರಲಿ ಎಂದು ಪ್ರಕೃತಿಯೇ ಇಟ್ಟ ಕಾವಲು ಇದು ಎಂದು ತಿಳಿದವರ ಊಹೆ. ಅಜ್ಜನಲ್ಲಿ ಅದಕ್ಕೆ ಆಚಾರವೆಂಬ ಗೌರವದ ಹೆಸರಿತ್ತು, ಅಷ್ಟೆ.

ಇನ್ನು ಬಲವಂತದ ಫಲವೇನು ಎಂಬುದಕ್ಕೆ ನಾನೇ ಸಾಕ್ಷಿ. ಹುಡುಗನಾಗಿದ್ದಾಗ ಹಾಗಲಕಾಯಿ ಗೊಜ್ಜು ತಿನ್ನಲಿಲ್ಲವೆಂದು ತಂದೆಯವರು ನನ್ನನ್ನು ದೀಪ ಹಚ್ಚುವ ಹೊತ್ತಿನವರೆಗೆ ಎಲೆಯ ಮುಂದೆ ಕೂರಿಸಿದ್ದರು. ಅತ್ತು ಅತ್ತು ಕೊನೆಗೆ ನುಂಗಿದೆ. ಆಮೇಲೆ ಇಂದಿನವರೆಗೆ ಹಾಗಲಕಾಯಿಯನ್ನು ಮುಟ್ಟಿಲ್ಲ. ಹಾಗಲಕಾಯಿ ತಿನ್ನದ ತಾತ ದಂಟಿನ ಸೊಪ್ಪು ತಿನ್ನದ ಮೊಮ್ಮಗಳ ಕೆನ್ನೆ ಒತ್ತುತ್ತಿದ್ದ ದೃಶ್ಯವನ್ನು ನೆನೆದರೆ ಈಗ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ.

ಬಲವಂತ ಬೇಡ, ಉಪಾಯದಿಂದ ತಿನ್ನಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಚಂದಮಾಮನನ್ನು ತೋರಿಸಿ ಉಣಿಸುವ ತಾಯಿಯನ್ನು ನಾನು ದೂರಲಾರೆ. ಉಣ್ಣಲು ಮನಸ್ಸಿರುವ ಮಗುವಿಗೆ ಚಂದಮಾಮ ಜೊತೆಗಾರ. ಆದರೆ ಬೇಡವೆನ್ನುವ ಮಗುವಿನ ಗಮನ ತಪ್ಪಿಸಿ ಬಾಯಿಗೆ ಹಾಕಲು ತೊಡಗಿದೆವೆಂದರೆ ಅದೇ ಚಂದಮಾಮ ಮೋಸದಲ್ಲಿ ಪಾಲುದಾರನಾಗುತ್ತಾನೆ; ಇಂದಿನ ಫೋನಂತೂ ಹೇಳುವುದೇ ಬೇಡ. ಕಣ್ಣು ಬೊಂಬೆಯ ಮೇಲಿರುವಾಗ ಬಾಯಿ ಏನು ತಿಂದಿತೆಂದು ಮಗುವಿಗೆ ತಿಳಿಯುವುದಿಲ್ಲ; ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಗುಮ್ಮನನ್ನು ಕರೆದರೆ ಊಟದ ಜೊತೆಗೆ ಭಯವನ್ನೂ ಬಡಿಸಿದ ಹಾಗಾಯಿತು. ಬಿಸ್ಕತ್ತಿನ ಲಂಚವಾದರೂ ನಿರಪಾಯವೆ? ಸೊಪ್ಪು ತಿಂದವರಿಗೆ ಬಿಸ್ಕತ್ತು ಎಂದರೆ ಸೊಪ್ಪು ಶಿಕ್ಷೆ, ಬಿಸ್ಕತ್ತು ಬಹುಮಾನ ಎಂದು ನಾವೇ ಪಾಠ ಹೇಳಿದಂತೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀನ್ ಬರ್ಚ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾನೀಯವನ್ನು ಕುಡಿದರೆ ಬಹುಮಾನವೆಂದು ಹೇಳಿ ಕುಡಿಸಿದ ಮಕ್ಕಳಿಗೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಯಿತು. ಸಾಧ್ಯ ಒಳ್ಳೆಯದಾದರೆ ಸಾಧನ ಹೇಗಿದ್ದರೂ ಆದೀತು ಎನ್ನುವವರಿಗೆ ಊಟದ ತಟ್ಟೆಯೂ ಒಂದು ಉತ್ತರ ಕೊಡುತ್ತದೆ.

ಹಾಗಾದರೆ ಎರಡು ವರ್ಷದ ಮಗುವಿಗೆ ಮನೆಯ ಯಜಮಾನಿಕೆ ವಹಿಸಿಬಿಡೋಣವೆ? ಅದು ಮೂರು ಹೊತ್ತೂ ಬಿಸ್ಕತ್ತನ್ನೇ ಕೇಳಿದರೆ? ಈ ಆಕ್ಷೇಪಣೆ ಗಟ್ಟಿಯಾದದ್ದು. ಇದಕ್ಕೆ ಸಮಾಧಾನ ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆ ಮಾಡಿದ ಪ್ರಯೋಗದಲ್ಲಿ ನನಗೆ ಸಿಕ್ಕಿತು. 1920ರ ಮತ್ತು 1930ರ ದಶಕಗಳಲ್ಲಿ ಆಕೆ ಆಗತಾನೆ ಮೊಲೆ ಬಿಟ್ಟ 15 ಮಕ್ಕಳ ಮುಂದೆ ಬಗೆಬಗೆಯ ಆಹಾರವಿಟ್ಟು, ಅವು ತಾವೇ ಆರಿಸಿ ತಿನ್ನಲು ಬಿಟ್ಟಳು. ಪಟ್ಟಿಯಲ್ಲಿ ಒಟ್ಟು 34 ಪದಾರ್ಥಗಳಿದ್ದವು. ದಾದಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಕೈಚಾಚಿದರೆ ಮಾತ್ರ ಕೊಡಬೇಕು. ತಿಂದರೆ ಹೊಗಳಬಾರದು, ಬಿಟ್ಟರೆ ತೆಗಳಬಾರದು. ಒಂದೊಂದು ಮಗುವೂ ಒಂದೊಂದು ಬಗೆಯಲ್ಲಿ, ದೊಡ್ಡವರು ಕಂಡರೆ ಬೆಚ್ಚಿಬೀಳುವ ಹಾಗೆ ಆರಿಸಿಕೊಂಡಿತು. ಆದರೂ ಎಲ್ಲವೂ ಚೆನ್ನಾಗಿ ಬೆಳೆದವು. ಇದರಿಂದ ಮಕ್ಕಳಿಗೆ ಎಲ್ಲವೂ ತಿಳಿದಿದೆಯೆಂದು ತೀರ್ಮಾನಿಸಬೇಡಿ ಎಂದು 1939ರಲ್ಲಿ ಆಕೆಯೇ ಎಚ್ಚರಿಸಿದಳು. ಗುಟ್ಟು ಇದ್ದದ್ದು ಪಟ್ಟಿಯಲ್ಲಿ. ಅದರಲ್ಲಿ ಸಕ್ಕರೆಯಿರಲಿಲ್ಲ, ಡಬ್ಬಿಯ ತಿಂಡಿಯಿರಲಿಲ್ಲ. ಇದ್ದುದೆಲ್ಲ ಹಣ್ಣು, ತರಕಾರಿ, ಧಾನ್ಯ, ಹಾಲು, ಮೊಟ್ಟೆ, ಮಾಂಸಗಳಂಥ ಸಹಜ ಆಹಾರ. ಏನು ಆರಿಸಿದರೂ ಕೆಡದ ಹಾಗೆ ಪಟ್ಟಿಯನ್ನು ಹಿರಿಯಳು ಮಾಡಿದ್ದಳು. ಆರಿಸುವ ಕೆಲಸವನ್ನು ಮಕ್ಕಳು ಮಾಡಿದವು. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಮುಂದೆ ಇದನ್ನೇ ಹೊಣೆಯ ಹಂಚಿಕೆ ಎಂದು ಕರೆದರು: ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರದು, ತಿನ್ನುವುದೋ ಬಿಡುವುದೋ, ಎಷ್ಟು ಎಂಬುದು ಮಗುವಿನದು.

ನನಗೆ ಈ ಹಂಚಿಕೆಯಲ್ಲಿ ನ್ಯಾಯ ಕಾಣುತ್ತದೆ. ನಾನು ಮಾಡುತ್ತಿದ್ದುದು ಸರಿಯಾಗಿ ಇದರ ತಿರುಗುಮುರುಗು. ಬಿಸ್ಕತ್ತಿನ ಡಬ್ಬಿಯನ್ನು ಕಣ್ಣಿಗೆ ಕಾಣುವ ಹಾಗಿಟ್ಟು, ಕೇಳಿದಾಗಲೆಲ್ಲ ಹಾಲು ಕೊಟ್ಟು, ನನ್ನ ಪಾಲಿನ ಹೊಣೆಯನ್ನು ಸಡಿಲ ಬಿಟ್ಟಿದ್ದೆ. ಅವಳ ಪಾಲಿನ ತುಟಿಗಳನ್ನು ಮಾತ್ರ ಬಲವಾಗಿ ಹಿಡಿದಿದ್ದೆ. ಅಂಗಡಿಯಲ್ಲಿ ಬೇಡವೆನ್ನಲಾಗದವನು ತೊಡೆಯ ಮೇಲೆ ಶೂರನಾಗಿದ್ದೆ.

ಹೀಗೆಂದಾಕ್ಷಣ ಹಿರಿಯರ ಆತಂಕವೆಲ್ಲ ಹುಸಿಯೆಂದಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿರುವುದು ಕಂಡುಬಂತು. ಉಳ್ಳವರ ಮಕ್ಕಳೂ ಈ ಲೆಕ್ಕದ ಹೊರಗಿಲ್ಲ. ಸೊಪ್ಪು, ಬೇಳೆ, ರಾಗಿ ತಟ್ಟೆಗೆ ಬರಲೇಬೇಕು; ತೂಕ ಇಳಿದರೆ, ನುಂಗಲು ಕಷ್ಟಪಟ್ಟರೆ, ವೈದ್ಯರಲ್ಲಿಗೆ ಹೋಗಲೇಬೇಕು. ಮತ್ತೆ, ಬೇಡವೆನ್ನುವ ಹಕ್ಕಿಗೂ ಮೇರೆಯಿದೆ. ಜ್ವರ ಬಂದಾಗ ಔಷಧಿಯನ್ನು ಮಗು ಒಲ್ಲೆನೆಂದರೂ ಕುಡಿಸುತ್ತೇವೆ, ನಾನೂ ಕುಡಿಸಿದ್ದೇನೆ. ಆದರೆ ಅದು ಸಿಹಿ ಎಂದು ಸುಳ್ಳು ಹೇಳಿ ಅಲ್ಲ. “ಕಹಿ ಇದೆ ಪುಟ್ಟಿ, ಆದರೂ ಕುಡಿಯಬೇಕು” ಎಂದೇ ಹೇಳಿದೆ. ಅನಿವಾರ್ಯವಾದಾಗ ಬಳಸುವ ಬಲ ಒಂದು. ನನ್ನ ಮನಸ್ಸಿನ ನೆಮ್ಮದಿಗೆ ಬಳಸುವ ಬಲ ಇನ್ನೊಂದು. ಎರಡನ್ನೂ ‘ನಿನ್ನ ಒಳ್ಳೆಯದಕ್ಕೆ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ನಮಗೆ ಗೊಂದಲವಾಗುತ್ತದೆ.

ಈಗ ನಮ್ಮ ಮನೆಯಲ್ಲಿ ಪದ್ಧತಿ ಬದಲಾಗಿದೆ. ಬಿಸ್ಕತ್ತಿನ ಡಬ್ಬಿ ಮನೆಯಿಂದಲೇ ಹೋಯಿತು. ಸಂಜೆಯ ಕಾಫಿಗೆ ನನಗೂ ಇಲ್ಲ. ಊಟ ತಿಂಡಿಗಳ ನಡುವೆ ಎರಡೂವರೆ ಮೂರು ಗಂಟೆ ಬಿಡುವು. ಆ ಹೊತ್ತಿನಲ್ಲಿ ನೀರು ಬಿಟ್ಟರೆ ಬೇರೇನೂ ಇಲ್ಲ. ಮಧ್ಯಾಹ್ನ ಅವಳ ತಟ್ಟೆ ನನ್ನ ತಟ್ಟೆಯ ಪಕ್ಕದಲ್ಲಿ; ಇಬ್ಬರೂ ಒಟ್ಟಿಗೆ ಉಣ್ಣುತ್ತೇವೆ. ಅವಳಿಗೆ ಇಷ್ಟವಾದ ಮೊಸರನ್ನ ಒಂದು ಕಡೆ, ಮನೆಯವರೆಲ್ಲ ತಿನ್ನುವ ಪಲ್ಯ ಒಂದು ಚಮಚ ಇನ್ನೊಂದು ಕಡೆ. ತಿನ್ನು ಎಂದು ನಾನು ಹೇಳುವುದಿಲ್ಲ. ಅರ್ಧ ಗಂಟೆಯಾದಮೇಲೆ ತಟ್ಟೆ ಎತ್ತಿಬಿಡುತ್ತೇವೆ. ಒಂದು ಹೊಸ ರುಚಿ ಮಗುವಿಗೆ ಒಗ್ಗಲು 8ರಿಂದ 15 ಸಲವಾದರೂ ಅದನ್ನು ಮುಂದಿಡಬೇಕಾಗಬಹುದು ಎನ್ನುತ್ತಾರೆ. ನಾವು ಎರಡು ಮೂರು ಸಲಕ್ಕೇ ‘ಇದಕ್ಕೆ ಸೇರುವುದಿಲ್ಲ’ ಎಂದು ಷರಾ ಬರೆದುಬಿಡುತ್ತೇವೆ.

ಫಲ ದೊರಕಿತೆ ಎಂದು ಕೇಳಿದರೆ, ಹೇಳಿಕೊಳ್ಳುವಂಥದ್ದೇನಿಲ್ಲ. ಕುಂಬಳಕಾಯಿಯನ್ನು ಮೊದಲು ಬೆರಳಿನಿಂದ ಒತ್ತಿ ನೋಡಿದಳು. ಇನ್ನೊಂದು ದಿನ ನೆಕ್ಕಿದಳು, ಉಗಿದಳು. ಹನ್ನೊಂದನೆಯ ಸಲವೋ ಹನ್ನೆರಡನೆಯ ಸಲವೋ—ಲೆಕ್ಕ ಬರೆಯುವುದನ್ನು ನಾನು ಬಿಟ್ಟಿದ್ದೇನೆ—ನನ್ನ ತಟ್ಟೆಯಿಂದ ಒಂದು ಹೋಳು ತೆಗೆದುಕೊಂಡು ತಿಂದಳು. ದಂಟಿನ ಸೊಪ್ಪು ಇಂದಿಗೂ ನನ್ನ ಪಂಚೆಗೇ.

ಕಳೆದ ಭಾನುವಾರ ನನ್ನ ಊಟ ಮುಗಿದಿತ್ತು. ಅವಳು ಮೊಸರನ್ನವನ್ನು ಮುಷ್ಟಿಯಲ್ಲಿ ಹಿಸುಕಿ ಒಂದು ತುತ್ತು ಮಾಡಿ, “ತಾತ, ಆ...” ಎಂದು ನನ್ನ ಬಾಯಿಯ ಬಳಿಗೆ ತಂದಳು. ಹೊಟ್ಟೆ ಗಂಟಲಿನವರೆಗೆ ತುಂಬಿತ್ತು. ನಾನು ತುಟಿ ಬಿಗಿದು ತಲೆಯಾಡಿಸಿದೆ. ಆ ಪುಟ್ಟ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಆ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡಳು.

ಬೇಡವೆಂದರೆ ಬೇಡ ಎಂಬುದು ಅವಳಿಗೆ ಅಷ್ಟು ಸುಲಭವಾಗಿ ಅರ್ಥವಾಯಿತು. ಮೊಸರು ಮೆತ್ತಿದ ಅವಳ ಬಾಯನ್ನು ಒರೆಸಲು ನಾನು ಕೈ ಚಾಚಿದೆ. ತುಟಿಗಳು ಸ್ವಲ್ಪ ಬಿಗಿದವು, ಮತ್ತೆ ಸಡಿಲಾದವು.